ರೈಲ್ವೆ ಸ್ಟೇಷನ್ ತೂಕದ ಮೆಷಿನ್ ಕಾರ್ಡು ಯಾರಾದ್ರೂ ಕೂಡಿಡ್ತಿದ್ರಾ?

ಅರಸೀಕೆರೆ ಜಂಕ್ಷನ್:

ಎಲ್ಲರಿಗೂ ನಮಸ್ಕಾರ. ಸ್ಟ್ಯಾಂಪು, ಹಳೇ ನಾಣ್ಯ ಕೂಡಿಡೋರ ಬಗ್ಗೆ ಇಲ್ಲಿ ಬೇಕಾದಷ್ಟು ಮಾತಾಗಿದೆ, ಆದ್ರೆ ತೂಕದ ಮೆಷಿನ್ನಿಂದ ಬೀಳ್ತಿತ್ತಲ್ಲ ಆ ಪುಟ್ಟ ರಟ್ಟಿನ ಕಾರ್ಡು, ಅದರ ಬಗ್ಗೆ ಯಾರೂ ಬರೆದಿದ್ದು ಕಾಣ್ಲಿಲ್ಲ. ಒಂದು ಕಡೆ ಸಿನಿಮಾದವರ ಫೋಟೋ, ಇನ್ನೊಂದು ಕಡೆ ತೂಕ, ಜೊತೆಗೆ ಒಂದೆರಡು ಸಾಲು ಭವಿಷ್ಯ. ಸೈಜು ಹಳೇ ರಟ್ಟಿನ ರೈಲು ಟಿಕೆಟ್ಟಿನಷ್ಟೇ.

ನಮ್ಮದು ಮೈಸೂರು, ಅಜ್ಜಿ ಮನೆ ದಾವಣಗೆರೆ. ಎಂಬತ್ತರ ದಶಕದಲ್ಲಿ ಬೇಸಿಗೆ ರಜೆ ಬಂತು ಅಂದ್ರೆ ಹಾಸನದ ಮೇಲೆ ಅರಸೀಕೆರೆಗೆ ಬಂದು ಅಲ್ಲಿ ಗಾಡಿ ಬದಲಾಯಿಸ್ಬೇಕಿತ್ತು, ಆ ಗಾಡಿ ಯಾವಾಗ ಬರುತ್ತೋ ಅಂತ ದೊಡ್ಡವರೆಲ್ಲ ಟ್ರಂಕಿನ ಮೇಲೆ ಕೂತು ಬೇಜಾರು ಮಾಡ್ಕೊಂಡ್ರೆ ನನಗೆ ಮಾತ್ರ ಆ ಹೊತ್ತೇ ರಜೆಯ ಅತಿ ಚೆನ್ನಾದ ಭಾಗ, ಯಾಕಂದ್ರೆ ಪ್ಲಾಟ್‌ಫಾರ್ಮಲ್ಲಿ ಆ ಮೆಷಿನ್ ನಿಂತಿರ್ತಿತ್ತು. ದೊಡ್ಡ ಬೀರು ಥರ ಎತ್ತರ, ಮುಂದೆ ಗಾಜು, ಒಳಗೆ ಬಣ್ಣಬಣ್ಣದ ಲೈಟು ಮಿಣಿಮಿಣಿ ಅಂತಿರೋದು, ಹತ್ತಿ ನಿಂತರೆ ಒಳಗಿನ ಚಕ್ರ ಗಿರ್ರನೆ ತಿರುಗೋದು. ಚಕ್ರ ಪೂರ್ತಿ ನಿಂತ ಮೇಲೇನೇ ಕಾಸು ಹಾಕ್ಬೇಕು, ಅವಸರ ಮಾಡಿದ್ರೆ ತೂಕ ತಪ್ಪು ಬರುತ್ತೆ ಅಂತ ಅಪ್ಪ ಹೇಳ್ತಿದ್ರು. ಒಳಗೆಲ್ಲೋ ಖಟಕ್ ಅಂತ ಸದ್ದಾಗಿ ಕೆಳಗಿನ ಬಟ್ಟಲಿಗೆ ಕಾರ್ಡು ಬೀಳೋದು.

ನನಗೆ ತೂಕ ಯಾರಿಗೆ ಬೇಕಿತ್ತು, ಫೋಟೋ ಬೇಕಿತ್ತು. ಅಪ್ಪನ ಹತ್ರ ಎರಡನೇ ಸಲ ಕಾಸು ಕೇಳಿದ್ರೆ "ಈಗ ತಾನೇ ಹತ್ತಿ ಇಳಿದಿದ್ದೀಯ, ಅಷ್ಟರಲ್ಲಿ ಏನೋ ದಪ್ಪ ಆಗಿರ್ತೀಯ" ಅನ್ನೋರು. ಹಾಗಾಗಿ ನಾನೂ ನನ್ನ ಚಿಕ್ಕಪ್ಪನ ಮಗನೂ ಮೆಷಿನ್ ಪಕ್ಕದಲ್ಲೇ ನಿಂತು, ಬೇರೆಯವರು ತೂಕ ನೋಡ್ಕೊಂಡು ಎಸೆದು ಹೋಗೋ ಕಾರ್ಡಿಗೆ ಕಾಯ್ತಿದ್ವಿ. ಎಷ್ಟೋ ಜನ ತಾವೇ ಕರೆದು ಕೊಟ್ಟು ಹೋಗ್ತಿದ್ರು. ಅಮಿತಾಭ್ ಒಂದು ಕೊಟ್ರೆ ಬೇರೆ ಮೂರು, ಹೇಮಾ ಮಾಲಿನಿಗೆ ಎರಡು, ಹೆಸರೇ ಗೊತ್ತಿಲ್ಲದ ನಟರಿಗೆ ಒಂದಕ್ಕೊಂದು, ಹೀಗೆ ನಮ್ಮ ನಮ್ಮಲ್ಲೇ ರೇಟು ಇತ್ತು.

ಈಗ ಮನೆ ಸುಣ್ಣ ಬಣ್ಣ ಮಾಡ್ಸೋವಾಗ ಆ ಕಾರ್ಡುಗಳ ಬಿಸ್ಕತ್ ಡಬ್ಬ ಸಿಕ್ಕಿದೆ. ಕೆಲವು ಒಂದಕ್ಕೊಂದು ಅಂಟಿಕೊಂಡಿವೆ, ಅಂಚು ಕಂದು ಬಣ್ಣಕ್ಕೆ ತಿರುಗಿದೆ. ನನಗೆ ಮೂರು ವಿಷಯ ತಿಳೀಬೇಕು. ಅಂಟಿರೋದನ್ನ ಬಿಡಿಸೋದು ಹೇಗೆ, ಲ್ಯಾಮಿನೇಶನ್ ಮಾಡಿಸಬಹುದಾ (ಮಗಳು ಮಾಡ್ಸೋಣ ಅಂತಿದ್ದಾಳೆ)? ತಾರೀಕು ಅಳಿಸಿ ಹೋಗಿರೋ ಕಾರ್ಡು ಯಾವ ಕಾಲದ್ದು ಅಂತ ಕಂಡುಹಿಡಿಯೋದು ಹೇಗೆ? ಮೂರನೇದು ನನ್ನ ಮನಸ್ಸಲ್ಲಿ ಅವತ್ತಿಂದ ಇರೋ ಪ್ರಶ್ನೆ, ಡಬ್ಬದಲ್ಲಿರೋರೆಲ್ಲ ಹಿಂದಿಯವರೇ, ಅಣ್ಣಾವ್ರ ಕಾರ್ಡು ಒಂದಾದ್ರೂ ಬೀಳುತ್ತೆ ಅಂತ ಪ್ರತಿ ರಜೆಯಲ್ಲೂ ಕಾದಿದ್ದೆ, ಬೀಳಲೇ ಇಲ್ಲ. ರಾಜ್‌ಕುಮಾರ್, ವಿಷ್ಣು, ಅಂಬರೀಶ್, ಶಂಕರ್‌ನಾಗ್ ಯಾರಿಗಾದ್ರೂ ಸಿಕ್ಕಿದ್ರಾ?

---

ಮೆಜೆಸ್ಟಿಕ್ ಮಂದಿ:

ಸಾರ್, ಓದಿ ತುಂಬಾ ಖುಷಿ ಆಯ್ತು. ನಮಗೆ ಬೆಂಗಳೂರು ಸಿಟಿ ಸ್ಟೇಷನ್ ಮೆಷಿನ್. ಮಾವ ಮದ್ರಾಸಿಂದ ಬರೋವಾಗೆಲ್ಲ ಕರ್ಕೊಂಡು ಬರೋಕೆ ಹೋಗೋ ನೆಪ, ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ಮೊದಲು ಓಡ್ತಿದ್ದಿದ್ದೇ ಅಲ್ಲಿಗೆ. ನನಗೆ ಒಂದ್ಸಲ "ರಾಜ್ ಕುಮಾರ್" ಅಂತ ಇಂಗ್ಲಿಷಲ್ಲಿ ಹೆಸರಿರೋ ಕಾರ್ಡು ಬಂತು, ಕಣ್ಣಿಗೆ ಮೊದಲು ಬಿದ್ದಿದ್ದು ಹೆಸರು, ಕುಣಿದುಬಿಟ್ಟೆ, ಆಮೇಲೆ ಮುಖ ನೋಡಿದ್ರೆ ಹಿಂದಿ ರಾಜ್‌ಕುಮಾರ್. ಅವರೂ ದೊಡ್ಡ ನಟರೇ, ಆದ್ರೆ ಆ ವಯಸ್ಸಲ್ಲಿ ಆದ ನಿರಾಸೆ ಇನ್ನೂ ನೆನಪಿದೆ. ಕನ್ನಡದವರದು ನಾನೂ ನೋಡಿಲ್ಲ.

ಕಾಲ ಕಂಡುಹಿಡಿಯೋದಕ್ಕೆ ನನಗೆ ತೋಚೋದು ಹೇಳ್ತೀನಿ. ಮನೆ ಹಿರಿಯರ ಕಾಲದ ಕಾರ್ಡು ಏನಾದ್ರೂ ಸೇರಿದ್ರೆ ಮೊದಲು ತೂಕ ಯಾವುದರಲ್ಲಿದೆ ನೋಡಿ. ನಮ್ಮಲ್ಲಿ ಮೆಟ್ರಿಕ್ ಅಳತೆಯ ಕಾಯ್ದೆ ಆಗಿದ್ದು 1956ರಲ್ಲಿ, ಕೆಜಿ ಜಾರಿಗೆ ಬಂದಿದ್ದು 1958ರ ಅಕ್ಟೋಬರ್‌ನಿಂದ, ಅದೂ ಹಂತ ಹಂತವಾಗಿ. ಹಾಗಾಗಿ ಪೌಂಡಲ್ಲಿ ತೂಕ ಇರೋ ಕಾರ್ಡು ಸಿಕ್ಕಿದ್ರೆ ಅದು ಬರೀ ಹಳೇದಲ್ಲ, ತುಂಬಾನೇ ಹಳೇದು. ಕಾರ್ಡಿನ ಮೇಲೆ ಎಷ್ಟು ಕಾಸು ಅಂತ ಅಚ್ಚಾಗಿದ್ರೆ ಅದೂ ಸಹಾಯ ಆಗುತ್ತೆ. ದಶಮಾಂಶ ಪದ್ಧತಿ ಬಂದಿದ್ದು 1957ರ ಏಪ್ರಿಲ್ 1ಕ್ಕೆ, "ನಯಾ ಪೈಸೆ" ಅನ್ನೋದನ್ನ ಬಿಟ್ಟು ಬರೀ ಪೈಸೆ ಅನ್ನೋಕೆ ಶುರು ಮಾಡಿದ್ದು 1964ರ ಜೂನ್‌ನಲ್ಲಿ. ಇದು ಯಾವುದೂ ಇಲ್ಲದಿದ್ರೆ ಫೋಟೋನೇ ಗತಿ, ಆ ನಟನ ಕೂದಲು, ಕಾಲರು, ಎಷ್ಟು ವಯಸ್ಸಾದಂಗೆ ಕಾಣ್ತಾನೆ ಅಂತ ನೋಡಿ ಅಂದಾಜು ಮಾಡ್ಬೇಕು, ಆದ್ರೆ ಹಳೇ ಫೋಟೋನೇ ವರ್ಷಗಟ್ಟಲೆ ಅಚ್ಚು ಹಾಕಿರಬಹುದು, ಆದ್ದರಿಂದ ಫೋಟೋ ಇಟ್ಕೊಂಡು "ಇದಕ್ಕಿಂತ ಹಿಂದಿನದಲ್ಲ" ಅಂತ ಹೇಳಬಹುದೇ ಹೊರತು ಇದೇ ವರ್ಷ ಅನ್ನೋಕಾಗಲ್ಲ.

---

ಹಳೇಹುಬ್ಬಳ್ಳಿ:

ನಮಸ್ಕಾರ್ರೀ. ಹುಬ್ಬಳ್ಳಿ ಸ್ಟೇಷನ್ನಿನ್ಯಾಗೂ ಇತ್ತು ಆ ಮಷಿನ್, ಆದ್ರ ನಮಗ ರೊಕ್ಕ ಎಲ್ಲಿಂದ ಬರಬೇಕ್ರೀ, ನಾವು ಆರಿಸ್ಕೊಂಡು ಕೂಡಿಸಿದ್ದು ಕಡ್ಡಿಪೆಟಗಿ ಚಿತ್ರ ಮತ್ತ ಸಿಗರೇಟ್ ಪಾಕೀಟು. ವಿಷಯ ಬ್ಯಾರೆ ಅನ್ನಬ್ಯಾಡ್ರಿ, ನಮಗ ಇವೇ ಕಾರ್ಡು.

ಪಾಕೀಟು ಬಿಚ್ಚಿ, ಮುಂದಿನ ಹಿಂದಿನ ಹಾಳಿ ಹರಿದು ನೀಟಾಗಿ ಮಡಚಿ ಇಟ್ಕೋತಿದ್ವಿ. ಒಂದೊಂದು ಬ್ರ್ಯಾಂಡಿಗೆ ಒಂದೊಂದು ಕಿಮ್ಮತ್ತು. ಚಾರ್ಮಿನಾರ್ ಅಂದ್ರ ಎಲ್ಲಾ ಕಡೆ ಸಿಗೋದು, ಅದಕ್ಕ ಕಡಿಮಿ. ಸಿಜರ್ಸ್ ಅದಕ್ಕಿಂತ ಮ್ಯಾಲ, ಗೋಲ್ಡ್ ಫ್ಲೇಕ್ ಇನ್ನೂ ಮ್ಯಾಲ, ಫಾರಿನ್ ಪಾಕೀಟು ಒಂದು ಸಿಕ್ರ ಆ ಹುಡುಗ ಓಣಿಗೇ ಸಾಹುಕಾರ. ನೆಲದ ಮ್ಯಾಲ ಒಂದು ದುಂಡು ಹಾಕಿ ನಡುವ ಎಲ್ಲಾರ ಪಾಕೀಟು ಒಟ್ಟಿ ಇಟ್ಟು, ದೂರದಿಂದ ಚಪ್ಪಟಿ ಕಲ್ಲು ಒಗೆದು ದುಂಡಿನ ಹೊರಗ ಹಾರಿಸಬೇಕು, ಹೊರಗ ಬಂದಷ್ಟು ನಿಮ್ಮವು. ಆ ಕಲ್ಲು ಆರಿಸೋದ ಒಂದು ದೊಡ್ಡ ಕೆಲಸ ಇತ್ರಿ, ಭಾಳ ಭಾರ ಇದ್ರ ಅಲ್ಲೇ ಕುಂತುಬಿಡತಿತ್ತು, ಹಗುರ ಇದ್ರ ಪಾಕೀಟು ಅಲಗಾಡತಿರಲಿಲ್ಲ, ಶಹಾಬಾದ್ ಕಲ್ಲಿನ ಚೂರು ಸಿಕ್ರ ಅದನ್ನ ಉಜ್ಜಿ ಉಜ್ಜಿ ಅಂಚು ಗುಂಡಗ ಮಾಡ್ಕೊಂಡು ಕಿಸೇದಾಗ ಇಟ್ಕೊಂಡು ತಿರುಗತಿದ್ವಿ, ಸಾಲಿಗೂ ಒಯ್ಯತಿದ್ವಿ.

ಕಡ್ಡಿಪೆಟಗಿ ಚಿತ್ರ ಮಾತ್ರ ಆಟಕ್ಕ ಇಡತಿರಲಿಲ್ಲ, ಅವು ನೋಡಾಕ. ಶಿಪ್, ಹೋಮ್ ಲೈಟ್ಸ್, ಚೀತಾ ಫೈಟ್, ಹಿಂಗ. ಚೀತಾ ಫೈಟ್ ಚಿತ್ರದಾಗ ಮನಷ್ಯಾ ಪ್ರಾಣಿ ಕೂಡ ಕಾದಾಡೋದು ನೋಡಿ ಎಷ್ಟು ಕತಿ ಕಟ್ಟೇವಿ. ದೊಡ್ಡವನಾದ ಮ್ಯಾಲ ಓದಿ ತಿಳಕೊಂಡೆ, ಮೊದಲ ನಮ್ಮ ದೇಶಕ್ಕ ಬೆಂಕಿಕಡ್ಡಿ ಬರತಿದ್ದದ್ದು ಸ್ವೀಡನ್, ಜಪಾನ್ ಕಡೆಯಿಂದ, ಅವರ ಇಲ್ಲಿಯ ಮಂದಿಗೆ ಹಿಡಿಸಲಿ ಅಂತ ನಮ್ಮ ದೇವರ ಚಿತ್ರ ಹಾಕಿ ಕಳಸತಿದ್ರಂತ. ಶಿವಕಾಶಿಯ ಇಬ್ಬರು ನಾಡಾರ್ ಬಂಧುಗಳು ಕಲ್ಕತ್ತಾಕ್ಕ ಹೋಗಿ ಕಸಬು ಕಲ್ತು ಬಂದು 1923ರ ಸುಮಾರಿಗೆ ಊರಾಗ ಕೆಲಸ ಸುರು ಮಾಡಿದ್ರು, ಅಲ್ಲಿಂದ ಮುಂದ ನಾವು ಕೂಡಿಸಿದ ಚಿತ್ರ ಭಾಳಷ್ಟು ಶಿವಕಾಶಿ ಅಚ್ಚಿನವೇ. ಒಂದು ರೂಪಾಯಿ ಇದ್ದ ಪೆಟಗಿ 2021ರ ಡಿಸೆಂಬರ್‌ನ್ಯಾಗ ಎರಡು ರೂಪಾಯಿ ಆತು, ಹದಿನಾಕು ವರ್ಷಕ್ಕ ಒಮ್ಮೆ ಏರಿದ ರೇಟು ಅದು. ಅಂಗಡ್ಯಾಗ ಈಗ್ಲೂ ಹೊಸ ಚಿತ್ರ ಕಂಡ್ರ ನಾ ಒಂದು ತಗೊಂಡ ಬರತೇನಿ.

ಅರಸೀಕೆರೆ ಅಣ್ಣಾರ, ಒಂದು ಮಾತು. ನೀವು ಬರೆದ ಆ ರೇಟು ಐತಲ್ಲ, ಅಮಿತಾಭ್‌ಗ ಮೂರು, ಹೇಮಾ ಮಾಲಿನಿಗೆ ಎರಡು, ಅದನ್ನ ಒಂದು ಹಾಳಿ ಮ್ಯಾಲ ಬರೆದು ಡಬ್ಬಿ ಒಳಗ ಇಡ್ರಿ. ಕಾರ್ಡು ಮುಂದ ಯಾರ ಕೈಗಾದ್ರೂ ಸಿಗತಾವ, ಆ ರೇಟು ನಿಮ್ಮ ತಲಿಯಾಗ ಅಷ್ಟ ಐತಿ.

---

ಫ್ರೀಮಾಂಟ್ ಕನ್ನಡಿಗ:

ಈ ಥ್ರೆಡ್ ನೋಡಿ ಬರೀದೇ ಇರೋಕಾಗ್ಲಿಲ್ಲ. ನಾನು ತುಮಕೂರಿನವನು, ಇಲ್ಲಿಗೆ ಬಂದು ಬಹಳ ವರ್ಷ ಆಯ್ತು. ನೀವು ಹೇಳ್ತಿರೋದರ ಅಣ್ಣನ ಹಾಗಿರೋ ವಸ್ತು ಅಮೆರಿಕಾದಲ್ಲೂ ಇತ್ತು, ಇಲ್ಲಿ ಅದನ್ನ ಆರ್ಕೇಡ್ ಕಾರ್ಡ್ ಅಥವಾ ಎಕ್ಸಿಬಿಟ್ ಕಾರ್ಡ್ ಅಂತಾರೆ. ಮೊದಲ ಸಲ ಒಂದು ಆಂಟಿಕ್ ಅಂಗಡೀಲಿ ಶೂ ಡಬ್ಬದ ತುಂಬ ಇಟ್ಟಿದ್ರು, ಕೈಗೆತ್ತಿಕೊಂಡ ತಕ್ಷಣ ನನಗೆ ನೆನಪಾಗಿದ್ದು ತುಮಕೂರು ಸ್ಟೇಷನ್.

ಶಿಕಾಗೋದ ಎಕ್ಸಿಬಿಟ್ ಸಪ್ಲೈ ಕಂಪನಿ ಇದರಲ್ಲಿ ದೊಡ್ಡ ಹೆಸರು. 1920ರ ದಶಕದಿಂದ 1960ರ ದಶಕದವರೆಗೆ ಅಚ್ಚು ಹಾಕಿದ್ರು. ಆಟದ ಮೆಷಿನ್‌ಗಳಿರೋ ಅಂಗಡಿ, ಜಾತ್ರೆ ಥರದ ಜಾಗಗಳಲ್ಲಿ ಇವರ ಮೆಷಿನ್ ಇಟ್ಟಿರೋರು, ಒಂದು ಸೆಂಟ್ ಹಾಕಿದ್ರೆ ಒಂದು ಕಾರ್ಡು. ಸೈಜು ನಮ್ಮದಕ್ಕಿಂತ ತುಂಬ ದೊಡ್ಡದು, ಹೆಚ್ಚು ಕಮ್ಮಿ ಪೋಸ್ಟ್ ಕಾರ್ಡಷ್ಟು, ದಪ್ಪ ರಟ್ಟು, ಒಂದೇ ಬಣ್ಣದ ಅಚ್ಚು, ಹಿಂಭಾಗ ಬಹುಪಾಲು ಖಾಲಿ. ಸಿನಿಮಾ ನಟರು, ಕೌಬಾಯ್‌ಗಳು, ಬಾಕ್ಸರ್‌ಗಳು, ಬೇಸ್‌ಬಾಲ್ ಆಟಗಾರರು, ಬೇಬ್ ರೂತ್ ಕೂಡ ಇದ್ದಾರೆ. 1939ರಿಂದ ಬಂದ ಒಂದು ಬೇಸ್‌ಬಾಲ್ ಸರಣಿಯಲ್ಲಿ ಆಟಗಾರನೇ ಕೈಯಾರೆ ಬರೆದ ಹಾಗೆ ಶುಭಾಶಯ, ಸಹಿ ಎಲ್ಲಾ ಅಚ್ಚಾಗಿರುತ್ತೆ. ಎಂಟು ಹತ್ತು ವರ್ಷದ ಹುಡುಗನಿಗೆ ಅದು ತನಗೇ ಬರೆದುಕೊಟ್ಟ ಹಾಗೆ ಅನ್ನಿಸಿರುತ್ತೆ. ಭವಿಷ್ಯ ಹೇಳೋ ಕಾರ್ಡುಗಳನ್ನೂ ಇದೇ ಕಂಪನಿ ಮಾಡ್ತಿತ್ತು. ನ್ಯೂಯಾರ್ಕಿನ ಇಂಟರ್‌ನ್ಯಾಶನಲ್ ಮ್ಯುಟೊಸ್ಕೋಪ್ ಅಂತ ಇನ್ನೊಂದು ಕಂಪನಿಯೂ ಈ ಥರದ ಕಾರ್ಡು ಹೊರಡಿಸ್ತಿತ್ತು.

ನನಗೆ ಇದರಲ್ಲಿ ಹಿಡಿಸಿದ್ದು ಏನಂದ್ರೆ ಯಾವುದು ಬರುತ್ತೆ ಅಂತ ಆರಿಸಿಕೊಳ್ಳೋ ಅವಕಾಶ ಹುಡುಗರಿಗೆ ಇರಲಿಲ್ಲ, ಮೆಷಿನ್ ಕೊಟ್ಟಿದ್ದೇ ಸರಿ, ಅದೇ ಮುಖ ನಾಲ್ಕು ಸಲ ಬಂದ್ರೆ ಸ್ನೇಹಿತನ ಹತ್ರ ಬದಲಾಯಿಸಿಕೊಳ್ಳೋದೊಂದೇ ದಾರಿ. ಅರಸೀಕೆರೆಯಲ್ಲೂ ಶಿಕಾಗೋದಲ್ಲೂ ಮಕ್ಕಳು ಮಾಡಿದ್ದು ಅದನ್ನೇ. ಈ ಕಡೆ ಬರೋರಿದ್ರೆ ಸ್ಯಾನ್ ಫ್ರಾನ್ಸಿಸ್ಕೋದ ಪಿಯರ್ 45ರಲ್ಲಿ ಮ್ಯೂಸಿ ಮೆಕಾನಿಕ್ ಅಂತ ಒಂದು ಜಾಗ ಇದೆ, ಒಳಗೆ ಹೋಗೋಕೆ ದುಡ್ಡಿಲ್ಲ, ಹಳೇ ಕಾಸಿನ ಮೆಷಿನ್‌ಗಳನ್ನ ರಿಪೇರಿ ಮಾಡಿ ಓಡೋ ಸ್ಥಿತಿಯಲ್ಲೇ ಇಟ್ಟಿದ್ದಾರೆ, ನಾಣ್ಯ ಹಾಕಿ ಆಡಬಹುದು. ನನ್ನ ಮಕ್ಕಳನ್ನ ಕರ್ಕೊಂಡು ಹೋಗಿದ್ದೆ, ಭವಿಷ್ಯದ ಕಾರ್ಡು ಬಿದ್ದಾಗ ಅವರ ಮುಖ ನೋಡ್ಬೇಕಿತ್ತು. ನಮ್ಮ ರೈಲ್ವೆ ಮ್ಯೂಸಿಯಂಗಳಲ್ಲೂ ಒಂದೊಂದು ತೂಕದ ಮೆಷಿನ್ ಹೀಗೇ ಓಡ್ತಾ ಇರ್ಬೇಕು, ಗಾಜಿನ ಹಿಂದೆ ಬೀಗ ಹಾಕಿ ಇಟ್ರೆ ಮಕ್ಕಳಿಗೆ ಏನೂ ಗೊತ್ತಾಗಲ್ಲ.

---

ಬೆಣ್ಣೆದೋಸೆ ದಾವಣಗೆರೆ:

ಅಣ್ಣಾ, ನಿಮ್ಮ ಅಜ್ಜಿ ಊರು ನಮ್ಮೂರೇ! ನಾನು ನಿಮಗಿಂತ ಚಿಕ್ಕವನು, ನಮ್ಮದು 90ರ ದಶಕದ ಡಬ್ಲ್ಯೂ ಡಬ್ಲ್ಯೂ ಎಫ್ ಟ್ರಂಪ್ ಕಾರ್ಡ್ ಕಾಲ. ಕೇಬಲ್ ಟೀವಿ ಬಂತು, ಕುಸ್ತಿ ಬಂತು, ಹಿಂದೆಯೇ ಸ್ಟೇಷನರಿ ಅಂಗಡೀಲಿ ಕಾರ್ಡು ಬಂತು. ರ್‍ಯಾಂಕ್, ಹೈಟು, ವೇಯ್ಟು, ಚೆಸ್ಟು, ಬೈಸೆಪ್ಸು, ಎಷ್ಟು ಫೈಟು ಆಡಿದ್ದಾನೆ, ಎಷ್ಟು ಗೆದ್ದಿದ್ದಾನೆ, ಎಲ್ಲಾ ಬರೆದಿರೋದು, ಅದರಲ್ಲಿ ಒಂದನ್ನ ಕರೆದ್ರೆ ಯಾರದು ಮೇಲೋ ಅವರಿಗೆ ಎದುರಿನವನ ಕಾರ್ಡು. ಕೈಯಲ್ಲಿ ಯೊಕೊಝುನ ಇದ್ರೆ ಕಣ್ಣು ಮುಚ್ಚಿ ವೇಯ್ಟು ಕರೀಬೇಕು, ಜೈಂಟ್ ಗೊನ್ಸಾಲೆಸ್ ಇದ್ರೆ ಹೈಟು. ಹಲ್ಕ್ ಹೋಗನ್, ಅಂಡರ್‌ಟೇಕರ್ ಕಾರ್ಡು ಕೈಗೆ ಬಂದ್ರೆ ಮುಖದಲ್ಲಿ ಏನೂ ತೋರಿಸ್ಕೋಬಾರ್ದು, ನಗು ಬಂತು ಅಂದ್ರೆ ಎದುರಿಗಿರೋನು ಹುಷಾರಾಗಿಬಿಡ್ತಾನೆ.

ನಮ್ಮ ಕ್ಲಾಸಲ್ಲಿ ಅರ್ಧ ಜನಕ್ಕೆ ಇಂಗ್ಲಿಷ್ ಓದೋಕೆ ಬಂದಿದ್ದೇ ಈ ಕಾರ್ಡಿಂದ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ನಮ್ಮದು ಕನ್ನಡ ಮೀಡಿಯಂ ಸ್ಕೂಲು, ಐದನೇ ಕ್ಲಾಸಿಗೆ ಎ ಬಿ ಸಿ ಡಿ ಶುರು, ಆದ್ರೆ ಬೈಸೆಪ್ಸ್ ಅನ್ನೋ ಪದ ಎಲ್ಲರಿಗೂ ಸ್ಪೆಲ್ಲಿಂಗ್ ಸಮೇತ ಬರ್ತಿತ್ತು. ದೊಡ್ಡ ಸಂಖ್ಯೆಗಳನ್ನ ಹೋಲಿಸೋದು ಕೂಡ ಹಾಗೇ, ಮೇಷ್ಟ್ರು ಬೋರ್ಡಿನ ಮೇಲೆ ಕಲಿಸೋಕೂ ಮುಂಚೆ ಬಂದಿತ್ತು.

ಆಮೇಲೆ ತಿಳಿದಿದ್ದು, ಜಪಾನಿನವನು ಅಂತ ನಾವೆಲ್ಲ ನಂಬಿದ್ದ ಯೊಕೊಝುನ ಜಪಾನಿನವನೇ ಅಲ್ಲ, ಸಮೋವಾ ಮೂಲದ ಅಮೆರಿಕನ್, 2000ದಲ್ಲಿ ತೀರಿಕೊಂಡ. ಗೊನ್ಸಾಲೆಸ್ ಅರ್ಜೆಂಟೀನಾದ ಬ್ಯಾಸ್ಕೆಟ್‌ಬಾಲ್ ಆಟಗಾರ, ಕುಸ್ತಿಗೆ ಬರೋ ಮುಂಚೆ 1988ರಲ್ಲಿ ಅಮೆರಿಕಾದ ಅಟ್ಲಾಂಟಾ ಹಾಕ್ಸ್ ತಂಡ ಅವನನ್ನ ಆರಿಸಿಕೊಂಡಿತ್ತು. 2010ರಲ್ಲಿ ಅವನೂ ಹೋದ. ಆ ಸುದ್ದಿ ಓದಿದಾಗ ಮನೆಯವರೊಬ್ಬರು ಹೋದಷ್ಟು ಬೇಜಾರಾಯ್ತು, ಎಷ್ಟು ಆಟ ಗೆಲ್ಲಿಸಿಕೊಟ್ಟಿದ್ದ ನನಗೆ. ಈ ಆಟದ ಮೂಲ ಕೂಡ ಕುಸ್ತಿ ಅಲ್ಲ, ಇಂಗ್ಲೆಂಡಿನಲ್ಲಿ 70ರ ದಶಕದ ಕೊನೇಲಿ ಕಾರು, ವಿಮಾನಗಳ ಮೇಲೆ ಟಾಪ್ ಟ್ರಂಪ್ಸ್ ಅಂತ ಬಂದಿದ್ದು.

ಒಂದು ಪ್ರಶ್ನೆ ನಂದೂ ಇದೆ. ನಮಗಿಂತ ದೊಡ್ಡ ಹುಡುಗರು ಬಿಗ್ ಫನ್ ಬಬಲ್ ಗಮ್ ಜೊತೆ ಬರ್ತಿದ್ದ ಕ್ರಿಕೆಟ್ ಕಾರ್ಡು ಅಂತಿದ್ರು, ರನ್ನು, ವಿಕೆಟ್ಟು ಕೂಡಿಸಿ ಕೊಟ್ರೆ ಗಿಫ್ಟ್ ಅಂತೆ. ಅದನ್ನ ಕೂಡಿಟ್ಟೋರು ಇದ್ದೀರಾ?

---

ಮೆಜೆಸ್ಟಿಕ್ ಮಂದಿ:

@ಬೆಣ್ಣೆದೋಸೆ, ಇದ್ದೀವಿ ತಮ್ಮಾ. ಕಾರ್ಡಿನ ಮೇಲೆ ಆಟಗಾರನ ಫೋಟೋ, ಅದರಲ್ಲಿ ಇಷ್ಟು ರನ್ ಅಂತಲೋ ವಿಕೆಟ್ ಅಂತಲೋ ಇರೋದು, ಕೂಡಿಸಿ ಅಂಗಡಿಗೆ ಕೊಟ್ರೆ ಫ್ಲಿಪ್ ಬುಕ್ ಸಿಗ್ತಿತ್ತು, ಸರಸರ ಹಾಳೆ ಬಿಟ್ರೆ ಬ್ಯಾಟ್ಸ್‌ಮನ್ ಶಾಟ್ ಹೊಡೆಯೋನು. 87ರ ರಿಲಯನ್ಸ್ ಕಪ್ (ಆ ಸಲದ ವಿಶ್ವಕಪ್) ಹೊತ್ತಿಗೆ ಅದರ ಹುಚ್ಚು ಹೇಳೋಕಾಗಲ್ಲ. ಚಿನ್ನಸ್ವಾಮಿಯಲ್ಲಿ ಅಕ್ಟೋಬರ್ 14ಕ್ಕೆ ಇಂಡಿಯಾ ನ್ಯೂಜಿಲೆಂಡ್ ಮ್ಯಾಚು, ನಾವು 16 ರನ್ನಲ್ಲಿ ಗೆದ್ವಿ, ಸಿಧು 75, ಕಪಿಲ್ 72 ಔಟಾಗದೇ. ಮಾರನೇ ದಿನದಿಂದ ನಮ್ಮ ಬೀದೀಲಿ ಕಪಿಲ್ ಕಾರ್ಡು ಯಾರೂ ಯಾವ ರೇಟಿಗೂ ಬಿಡ್ತಿರಲಿಲ್ಲ.

---

ಕಾಗದ ಕಾಯೋಳು:

ನಾನು ಒಂದು ಲೈಬ್ರರಿಯಲ್ಲಿ ಹಳೇ ಕಾಗದ ಪತ್ರ ನೋಡ್ಕೊಳ್ಳೋ ಕೆಲಸದಲ್ಲಿದ್ದೀನಿ, ಅರಸೀಕೆರೆಯವರ ಮೊದಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಅಂತ ಬರೀತಿದ್ದೀನಿ.

ಸಾರ್, ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ. ಬಿಸಿ ಮಾಡಿ ಅಂಟಿಸಿದ ಪ್ಲಾಸ್ಟಿಕ್ ವಾಪಸ್ ಬಿಡಿಸೋಕೆ ಬರಲ್ಲ, ಒಳಗಿನ ರಟ್ಟು ತನ್ನ ಪಾಡಿಗೆ ಹಾಳಾಗ್ತಾನೇ ಇರುತ್ತೆ. ಅಂಚು ಕಂದಾಗಿರೋದಕ್ಕೆ ಕಾರಣ ಕಡಿಮೆ ದರ್ಜೆಯ ರಟ್ಟಿನಲ್ಲೇ ಇರೋ ಆಮ್ಲ, ಪ್ಲಾಸ್ಟಿಕ್ ಹಾಕಿದ್ರೆ ಅದು ನಿಲ್ಲಲ್ಲ. ಅಂಟಿರೋ ಕಾರ್ಡನ್ನ ನೀರಲ್ಲಿ ನೆನೆಸೋದು, ಬ್ಲೇಡು ತೂರಿಸೋದು ಎರಡೂ ಬೇಡ. ಎರಡು ಮೂರು ದಿನ ಒಣ ಗಾಳಿ ಆಡೋ ಕೋಣೇಲಿ, ನೇರ ಬಿಸಿಲು ಬೀಳದ ಕಡೆ ಇಡಿ, ಕೆಲವು ತಾವಾಗೇ ಬಿಡ್ತವೆ. ಬಿಡದೇ ಇದ್ರೆ ಹಾಗೇ ಇರಲಿ, ಹೊರಗೆ ಕಾಣೋ ಎರಡು ಮುಖದ ಫೋಟೋ ತೆಗೆದು ಇಟ್ಕೊಳ್ಳಿ, ಬಲವಂತ ಮಾಡಿದ್ರೆ ಒಂದರ ಮುಖ ಕಿತ್ತು ಇನ್ನೊಂದಕ್ಕೆ ಅಂಟಿಕೊಳ್ಳುತ್ತೆ, ಎರಡೂ ಹೋಗುತ್ತೆ.

ಇಡೋದಕ್ಕೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರ್ ತಗೊಳ್ಳಿ, ಪಿವಿಸಿ ಬೇಡ, ಕೆಲವು ವರ್ಷ ಆದ್ಮೇಲೆ ಅದು ಅಂಟಂಟಾಗಿ ಅಚ್ಚಿನ ಮಸಿಯನ್ನೇ ಎಳ್ಕೊಳ್ಳುತ್ತೆ. ಅಂಟು ಹಾಳೆಯ ಹಳೇ ಫೋಟೋ ಆಲ್ಬಮ್ಮೂ ಬೇಡ. ಆ ಬಿಸ್ಕತ್ ಡಬ್ಬ ನೆನಪಿಗೆ ಇಟ್ಕೊಳ್ಳಿ, ಆದ್ರೆ ಒಳಗೆ ತುಕ್ಕು ಇದ್ರೆ ಕಾರ್ಡು ಅದರಲ್ಲಿ ಬೇಡ. ಮಳೆಗಾಲದಲ್ಲಿ ಗೋಡೆಗೆ ತಾಗಿದ ಬೀರು, ಅಟ್ಟ ಎರಡೂ ಕಾಗದಕ್ಕೆ ಶತ್ರು. ಕಾರ್ಡಿನ ಮೇಲೆ ಏನೂ ಬರೀಬೇಡಿ, ಕವರ್ ಜೊತೆ ಒಂದು ಚೀಟಿ ಇಟ್ಟು ಅದರಲ್ಲಿ ಪೆನ್ಸಿಲ್ಲಲ್ಲಿ ಬರೀರಿ, ಯಾವ ಸ್ಟೇಷನ್, ಯಾರು ಕೊಟ್ಟಿದ್ದು, ಯಾರ ತೂಕ. ಹುಬ್ಬಳ್ಳಿಯವರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮಲ್ಲಿಗೆ ಬರೋ ಎಷ್ಟೋ ಸಂಗ್ರಹಗಳಲ್ಲಿ ವಸ್ತು ಚೆನ್ನಾಗಿರುತ್ತೆ, ಅದರ ಜೊತೆ ಒಂದು ಸಾಲೂ ಇರಲ್ಲ, ಕೊಟ್ಟವರನ್ನ ಕೇಳೋಣ ಅಂದ್ರೆ ಅವರಿರಲ್ಲ.

---

ಅರಸೀಕೆರೆ ಜಂಕ್ಷನ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಡಂ, ನಿಮ್ಮ ಪೋಸ್ಟನ್ನ ಮಗಳಿಗೂ ಓದಿಸಿದೆ, ಲ್ಯಾಮಿನೇಶನ್ ಮಾತು ಅಲ್ಲಿಗೇ ಬಿಟ್ಟಳು, ಈಗ ಚೀಟಿ ಬರೆಯೋ ಕೆಲಸ ತನಗೇ ಬೇಕು ಅಂತ ಹಿಡ್ಕೊಂಡಿದ್ದಾಳೆ, ನಾನು ಹೇಳ್ತಾ ಹೋಗೋದು ಅವಳು ಬರೀತಾ ಹೋಗೋದು. ಹೇಳ್ತಾ ಹೇಳ್ತಾ ನೆನಪಾಯ್ತು, ಒಂದು ಕಾರ್ಡಿನ ಹಿಂದೆ ಇರೋದು ನಮ್ಮ ಅಜ್ಜಿ ತೂಕ, ಅವರು ಮೆಷಿನ್ ಹತ್ತೋಕೆ ಹೆದರ್ತಿದ್ರು, ನಾನೂ ಚಿಕ್ಕಪ್ಪನ ಮಗನೂ ಆ ಕಡೆ ಈ ಕಡೆ ಕೈ ಹಿಡ್ಕೊಂಡು ಹತ್ತಿಸಿದ್ವಿ. 41 ಕೆಜಿ. ಬಿದ್ದಿದ್ದು ಧರ್ಮೇಂದ್ರ ಫೋಟೋ, "ಈ ಗಂಡಸು ಯಾರೋ" ಅಂತ ಕೇಳಿದ್ರು. ಇದು ಯಾರ ತೂಕ ಅಂತ ನನಗೂ ನನ್ನ ತಮ್ಮನಿಗೂ ಬಿಟ್ಟು ಇನ್ಯಾರಿಗೂ ಗೊತ್ತಿಲ್ಲ.

@ಮೆಜೆಸ್ಟಿಕ್ ಮಂದಿ, ಪೌಂಡಿನದು ಒಂದೂ ಇಲ್ಲ, ಎಲ್ಲಾ ಕೆಜಿ. ಆ ಹಿಂದಿ ರಾಜ್‌ಕುಮಾರ್ ನನ್ನ ಹತ್ರಾನೂ ಇದ್ದಾರೆ.

---

ಕಂಟೋನ್ಮೆಂಟ್ ಕ್ರಾಸ್:

ತಡವಾಗಿ ನೋಡ್ದೆ. ಕನ್ನಡದ ನಟರದು ನನ್ನ ಹತ್ರಾನೂ ಇಲ್ಲ, ಆದ್ರೆ ರಜನಿಕಾಂತ್‌ದು ಒಂದು ಇದೆ, ಅವರು ಹಿಂದಿ ಪಿಕ್ಚರ್ ಮಾಡ್ತಿದ್ದ ಕಾಲದ್ದಿರಬೇಕು. ನಮ್ಮ ಬೆಂಗಳೂರಲ್ಲೇ ಬಸ್ ಕಂಡಕ್ಟರ್ ಆಗಿದ್ದವರು, ಹಾಗಾಗಿ ನಾನು ಅದನ್ನ ನಮ್ಮವರ ಲೆಕ್ಕಕ್ಕೇ ಹಾಕ್ಕೊಂಡು ಬಿಟ್ಟಿದ್ದೀನಿ. ಜಯಪ್ರದಾ ಎರಡಿವೆ, ಅವರೂ ಅಣ್ಣಾವ್ರ ಜೊತೆ ಮಾಡಿದವರೇ. ಅರಸೀಕೆರೆಯವರೇ, ನನಗೆ ಧರ್ಮೇಂದ್ರ ಇಲ್ಲ, ಆದ್ರೆ ಅಜ್ಜಿ ಕಾರ್ಡು ನಾನು ಕೇಳಲ್ಲ. ಇನ್ನೊಂದು ಧರ್ಮೇಂದ್ರ ಇದ್ರೆ ಒಂದು ಜಯಪ್ರದಾ ಕೊಡ್ತೀನಿ, ರಟ್ಟಿನ ಮಧ್ಯೆ ಇಟ್ಟು ಸ್ಪೀಡ್ ಪೋಸ್ಟಲ್ಲಿ ಕಳಿಸೋಣ. ರಜನಿ ಕಾರ್ಡಿನ ಎರಡೂ ಕಡೆ ಸ್ಕ್ಯಾನ್ ಮಾಡಿ ಭಾನುವಾರ ಇಲ್ಲೇ ಹಾಕ್ತೀನಿ.